ಬಯೋಡಿಗ್ರೇಡಬಲ್: ಎಲ್ಲಿ, ಎಷ್ಟು ದಿನದಲ್ಲಿ?

ರೈಲಿನ ಊಟದ ತಟ್ಟೆ, ವಿಮಾನದ ಚಮಚ, ಚಹಾದ ಲೋಟ, ಈಗ ಯಾವುದನ್ನು ತಿರುಗಿಸಿ ನೋಡಿದರೂ ಒಂದು ಹಸಿರು ಎಲೆಯ ಚಿತ್ರ, ಅದರ ಕೆಳಗೆ ‘ಬಯೋಡಿಗ್ರೇಡಬಲ್’ ಎಂಬ ಅಚ್ಚು. ಸುದ್ದಿ ಬರೆಯುವವರು ಅದನ್ನು ‘ಮಣ್ಣಿನಲ್ಲಿ ಕರಗುವ’ ಎಂದು ಮಾಡಿ ಕೈತೊಳೆದುಕೊಳ್ಳುತ್ತಾರೆ. ಮೊನ್ನೆ ಒಂದು ವರದಿಯಲ್ಲಿ ರೈಲು ನಿಲ್ದಾಣದ ಮಣ್ಣಿನ ಕುಡಿಕೆಗೂ ಇದೇ ಬಿರುದು ಸಿಕ್ಕಿತ್ತು. ಇನ್ನು ಸುಮ್ಮನಿರುವುದು ಕಷ್ಟ.

ಮೊದಲು ಕುಡಿಕೆಯ ವಿಷಯ. 2004ರಲ್ಲಿ ಲಾಲು ಪ್ರಸಾದ್ ಯಾದವ್ ರೈಲ್ವೆ ಸಚಿವರಾಗಿದ್ದಾಗ ನಿಲ್ದಾಣಗಳಲ್ಲಿ ಚಹಾಕ್ಕೆ ಕುಲ್ಹಡ್ ಬಳಸಬೇಕೆಂದು ಆದೇಶಿಸಿದರು. ಅಂದಿನಿಂದ ಇಂದಿನವರೆಗೂ ಈ ಕುಲ್ಹಡ್ ‘ಮತ್ತೆ ಮಣ್ಣಿಗೆ ಸೇರುತ್ತದೆ’ ಎಂಬ ಮಾತು ನಡೆದೇ ಇದೆ. ಸೇರುವುದಿಲ್ಲ. ಹಸಿ ಜೇಡಿಮಣ್ಣು ನೀರಿಗೆ ಬಿದ್ದರೆ ಕದಡುತ್ತದೆ, ಆವಿಗೆಯಲ್ಲಿ ಬೆಂದ ಮೇಲೆ ಆ ಗುಣ ಹೊರಟುಹೋಗುತ್ತದೆ. ಸೂಕ್ಷ್ಮಜೀವಿಗಳು ತಿನ್ನಲು ಅದರಲ್ಲಿ ಏನೂ ಇರುವುದಿಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿಸಿದಾಗ ಅಲ್ಲಿನ ಪುರಾತನ ವಸತಿಯ ಕಾಲವನ್ನು ಲೆಕ್ಕ ಹಾಕಲು ನೆರವಾದದ್ದು ಮಡಕೆಯ ಚೂರುಗಳು. ಬೋಕಿ ಕೊಳೆಯುವಂಥದ್ದಾಗಿದ್ದರೆ ಪುರಾತತ್ವದವರಿಗೆ ಅರ್ಧ ಕೆಲಸವೇ ಇರುತ್ತಿರಲಿಲ್ಲ. ಕುಡಿಕೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದು ಕಲ್ಲಿನಷ್ಟೇ ನಿರುಪದ್ರವಿ, ಬಿದ್ದಲ್ಲಿ ಬಿದ್ದಿರುತ್ತದೆ. ಹೊಗಳುವುದಾದರೆ ಅದನ್ನೇ ಹೇಳಿ ಹೊಗಳಲಿ.

‘ಕರಗುವ’ ಎಂಬ ಅನುವಾದ ಇನ್ನೂ ದೊಡ್ಡ ತಲೆನೋವು. ಉಪ್ಪು ಕರಗುತ್ತದೆ. ಕಣ್ಣಿಗೆ ಕಾಣದಿದ್ದರೂ ಉಪ್ಪಾಗಿಯೇ ನೀರಿನಲ್ಲಿರುತ್ತದೆ. ಹಿತ್ತಲ ಬಿಸಿಲಿನಲ್ಲಿ ಬಿದ್ದ ಪ್ಲಾಸ್ಟಿಕ್ ಬಕೆಟ್ ಪುಡಿಯಾಗುತ್ತದೆ, ಪುಡಿಯಾದರೂ ಪ್ಲಾಸ್ಟಿಕ್ಕೇ. ಊಟವಾದ ಬಾಳೆಎಲೆ ಮಾತ್ರ ಕೊಳೆಯುತ್ತದೆ. ಇಷ್ಟು ಸ್ಪಷ್ಟವಾದ ಮೂರು ಕ್ರಿಯಾಪದಗಳು ಮನೆಯಲ್ಲೇ ಇರುವಾಗ ಮೂರಕ್ಕೂ ‘ಕರಗು’ ಎಂದು ಬರೆಯುವುದು ಸೋಮಾರಿತನ. ಮೂಲ ಪದ ಹೇಳುವುದು ಕೊಳೆಯುವುದನ್ನು. ಗ್ರೀಕಿನ ‘ಬಯೋಸ್’ ಎಂದರೆ ಜೀವ, ಲ್ಯಾಟಿನ್ನಿನ ‘ಗ್ರಾದುಸ್’ ಎಂದರೆ ಮೆಟ್ಟಿಲು, ‘ಡಿ’ ಎಂದರೆ ಕೆಳಕ್ಕೆ. ಜೀವಿಗಳು ಒಂದು ವಸ್ತುವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಉದ್ದದ ಅಣುಸರಪಳಿಯನ್ನು ತುಂಡರಿಸಿ, ತಿಂದು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಬಿಟ್ಟುಕೊಡುವ ಕೆಲಸ ಅದು. ಬೇಗ ಚೂರಾಗಲೆಂದು ರಾಸಾಯನಿಕ ಬೆರೆಸಿದ ‘ಆಕ್ಸೋ’ ಪ್ಲಾಸ್ಟಿಕ್ ಹಲವು ವರ್ಷ ಇದೇ ಹೆಸರಿನಲ್ಲಿ ಮಾರಾಟವಾಯಿತು. ಅದು ಪುಡಿಯಾಗುವ ಜಾತಿ. ಐರೋಪ್ಯ ಒಕ್ಕೂಟ 2019ರ ನಿರ್ದೇಶನದಲ್ಲಿ ಅದನ್ನು ನಿಷೇಧಿಸಿತು.

ಕೊಳೆಯುತ್ತದೆ ಎಂದ ಮೇಲೆ ಎಲ್ಲಿ, ಎಷ್ಟು ದಿನದಲ್ಲಿ ಎಂದು ಹೇಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ತೇಗದ ತೊಲೆಯೂ ಬಯೋಡಿಗ್ರೇಡಬಲ್ಲೇ, ನಿಮ್ಮ ಮೊಮ್ಮಕ್ಕಳ ಕಾಲಕ್ಕೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಕಟ್ಟಿಕೊಂಡು ಬರುವ ಪದ ‘ಕಾಂಪೋಸ್ಟಬಲ್’, ಅಂದರೆ ಗೊಬ್ಬರವಾಗಬಲ್ಲದ್ದು. ಐಎಸ್ಒ 17088 ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ಭಾರತವೂ ಒಪ್ಪಿಕೊಂಡಿದೆ. ಅದರ ಪ್ರಕಾರ ವಸ್ತುವನ್ನು ಸುಮಾರು 58 ಡಿಗ್ರಿ ಸೆಲ್ಸಿಯಸ್‌ನ ಗೊಬ್ಬರದಲ್ಲಿಟ್ಟು ಪರೀಕ್ಷಿಸಬೇಕು. ಹನ್ನೆರಡು ವಾರದ ಹೊತ್ತಿಗೆ ಶೇ 90ರಷ್ಟು ಎರಡು ಮಿಲಿಮೀಟರ್ ಜರಡಿಯಲ್ಲಿ ಇಳಿಯುವಷ್ಟು ಚೂರಾಗಿರಬೇಕು, ಆರು ತಿಂಗಳೊಳಗೆ ಇಂಗಾಲದ ಶೇ 90 ಭಾಗ ಅನಿಲವಾಗಿರಬೇಕು. ಉಳಿದ ಗೊಬ್ಬರದಲ್ಲಿ ಸಸಿಯೂ ಸರಿಯಾಗಿ ಬೆಳೆಯಬೇಕು.

ಆ 58 ಡಿಗ್ರಿಯ ಮೇಲೆ ಕಣ್ಣಿಡಿ. ಪಾರದರ್ಶಕ ‘ಹಸಿರು’ ಲೋಟಗಳು ಬಹುಮಟ್ಟಿಗೆ ಪಿಎಲ್ಎ ಎಂಬ ವಸ್ತುವಿನವು. ಮೆಕ್ಕೆಜೋಳದಂಥ ಬೆಳೆಯ ಸಕ್ಕರೆಯನ್ನು ಹುದುಗಿಸಿ, ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನೇ ತೆಗೆದು, ಸರಪಳಿಯಾಗಿ ಪೋಣಿಸಿದ ಪ್ಲಾಸ್ಟಿಕ್ ಅದು. ಬಿಸಿ ಮತ್ತು ತೇವ ಸೇರಿ ಆ ಸರಪಳಿಯನ್ನು ಮೊದಲು ಸಡಿಲಿಸದಿದ್ದರೆ ಸೂಕ್ಷ್ಮಜೀವಿಗಳು ಬಾಯಿಡುವುದಿಲ್ಲ. ಊರ ತಿಪ್ಪೆಯ ಹೊಟ್ಟೆಯೂ ಕೆಲವು ದಿನ ಬಿಸಿಯೇರುತ್ತದೆ, ನಿಜ. ವಾರಗಟ್ಟಲೆ ಅಷ್ಟೇ ಬಿಸಿಯನ್ನು ಕಾಪಾಡಿಕೊಳ್ಳುವುದು ಕಾಂಪೋಸ್ಟ್ ಗೊಬ್ಬರದ ಕಾರ್ಖಾನೆಗೆ ಮಾತ್ರ ಸಾಧ್ಯ. ರೈಲು ಹಳಿಯ ಪಕ್ಕದ ತಣ್ಣನೆಯ ಮಣ್ಣಿನಲ್ಲಿ ಪಿಎಲ್ಎ ಲೋಟ ವರ್ಷಗಟ್ಟಲೆ ಲೋಟವಾಗಿಯೇ ಇರುತ್ತದೆ.

ಕಾನೂನು ಈ ವ್ಯತ್ಯಾಸವನ್ನು ಬಲ್ಲದು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧ ಬಂದಾಗ ವಿನಾಯಿತಿ ಸಿಕ್ಕಿದ್ದು ಕಾಂಪೋಸ್ಟಬಲ್ ಪ್ಲಾಸ್ಟಿಕ್‌ಗೆ, ಅದೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇದ್ದರೆ. 2024ರ ತಿದ್ದುಪಡಿಯ ಪ್ರಕಾರ, ಪ್ಲಾಸ್ಟಿಕ್ಕನ್ನು ಬಯೋಡಿಗ್ರೇಡಬಲ್ ಎಂದು ಕರೆಯುವವರು ಎಂಥ ಪರಿಸರದಲ್ಲಿ, ಎಷ್ಟು ದಿನದಲ್ಲಿ ಎಂಬುದನ್ನೂ ಅಚ್ಚು ಹಾಕಬೇಕು. ಬರಿಯ ಹಸಿರು ಎಲೆ ಸಾಲದು.

ಕಾಗದದ ಲೋಟ ಈ ಗಲಾಟೆಯಲ್ಲಿ ಸದ್ದಿಲ್ಲದೆ ಪಾರಾಗುತ್ತದೆ. ಚಹಾ ಕುಡಿದಾದ ಮೇಲೆ ಒಂದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬೆರಳಿನಿಂದ ಉಜ್ಜಿ. ಕಾಗದ ಮುದ್ದೆಮುದ್ದೆಯಾಗಿ ಬಿಟ್ಟುಬರುತ್ತದೆ. ಒಳಗಿನಿಂದ ಹಾವಿನ ಪೊರೆಯಂಥ ತೆಳ್ಳನೆಯ ಹಾಳೆಯೊಂದು ಎದ್ದುಬಂದರೆ, ಅದು ಸಾಮಾನ್ಯವಾಗಿ ಪಾಲಿಥೀನ್. ಕಬ್ಬಿನ ಸಿಪ್ಪೆಯ ತಟ್ಟೆಯ ಮೇಲೆ ನನಗೆ ಇಷ್ಟು ಕೋಪವಿಲ್ಲ. 2018ರಲ್ಲಿ ದೆಹಲಿಯಿಂದ ಹೊರಡುವ ಕೆಲವು ರಾಜಧಾನಿ, ಶತಾಬ್ದಿ ರೈಲುಗಳಲ್ಲಿ ಅದನ್ನು ತಂದರು. ಮೇಲೆ ಲೇಪವೇನೂ ಇಲ್ಲದಿದ್ದರೆ ಅದು ನಿಜಕ್ಕೂ ಕೊಳೆಯುವ ಪದಾರ್ಥ. ಆದರೆ ಅನ್ನ, ಸಾರು, ಅಲ್ಯೂಮಿನಿಯಂ ಡಬ್ಬಿ, ನೀರಿನ ಬಾಟಲಿ ಎಲ್ಲವೂ ಒಂದೇ ಕಪ್ಪು ಚೀಲಕ್ಕೆ ಬಿದ್ದರೆ ಅದನ್ನು ಯಾರೂ ಹೆಕ್ಕಿ ತಿಪ್ಪೆಗೆ ಹಾಕುವುದಿಲ್ಲ.

ವಿಮಾನದಲ್ಲಿ ಕಥೆಯೇ ಬೇರೆ. ಊಟವನ್ನು ನೆಲದ ಮೇಲೆ ಬೇಯಿಸಿ, ತಣಿಸಿ, ಮೇಲೆ ಗ್ಯಾಲಿ ಎಂಬ ವಿಮಾನದ ಪುಟ್ಟ ಅಡುಗೆಕೋಣೆಯ ಒಲೆಯಲ್ಲಿ ಮತ್ತೆ ಬಿಸಿ ಮಾಡುತ್ತಾರೆ. ಆ ಕಾವಿಗೆ ಸಾದಾ ಪಿಎಲ್ಎ ಮೆತ್ತಗಾಗಿ ಕುಸಿಯುತ್ತದೆ. ಅಲ್ಯೂಮಿನಿಯಂ ಡಬ್ಬಿ ಇನ್ನೂ ಬದುಕಿರುವುದು ಇದಕ್ಕೇ. ಅದಕ್ಕಿಂತ ಮುಖ್ಯ ಸಂಗತಿ ವಿಮಾನ ಇಳಿದ ಮೇಲಿನದು. ಐರೋಪ್ಯ ಒಕ್ಕೂಟದ 1069/2009 ನಿಯಮಾವಳಿಯ ಪ್ರಕಾರ ಹೊರದೇಶದಿಂದ ಬಂದ ವಿಮಾನದ ಎಂಜಲು ಒಂದನೇ ವರ್ಗದ ಅಪಾಯಕಾರಿ ತ್ಯಾಜ್ಯ. ಕಾಲುಬಾಯಿ ಜ್ವರ, ಆಫ್ರಿಕನ್ ಹಂದಿಜ್ವರ ಮಾಂಸದ ತುಣುಕಿನೊಂದಿಗೆ ದೇಶದೊಳಗೆ ನುಸುಳಬಹುದೆಂಬ ಭಯ. ಆ ಎಂಜಲನ್ನೂ ಅದು ಮೆತ್ತಿದ ತಟ್ಟೆಯನ್ನೂ ಸುಡಬೇಕು ಅಥವಾ ಅನುಮತಿ ಪಡೆದ ಜಾಗದಲ್ಲಿ ಹೂಳಬೇಕು, ಗೊಬ್ಬರ ಮಾಡುವಂತಿಲ್ಲ. ಅಮೆರಿಕದಲ್ಲೂ ಸುಡಬೇಕು, ಇಲ್ಲವೇ 100 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಹೂಳಬೇಕು. ಆ ದಾರಿಯ ಚಮಚಕ್ಕೆ ‘ಕಾಂಪೋಸ್ಟಬಲ್’ ಎಂಬ ಅಚ್ಚು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ವಿಮಾನದ ಅಡುಗೆಯವರು ‘ರೋಟಬಲ್’ ಎನ್ನುವ, ತೊಳೆದು ಸೋಂಕು ತೆಗೆದು ಮರಳಿ ಹತ್ತಿಸುವ ಪಾತ್ರೆಗಳೇ ಅಲ್ಲಿ ಮೇಲು. ಅವು ಎಷ್ಟು ಗ್ರಾಂ ತೂಗುತ್ತವೆ, ಆ ತೂಕ ಹೊರಲು ಎಷ್ಟು ಇಂಧನ ಬೇಕು, ತೊಳೆಯಲು ಎಷ್ಟು ನೀರು ಬೇಕು ಎಂಬ ಲೆಕ್ಕವನ್ನು ಮಾತ್ರ ಬಿಡಬಾರದು.