ಡಾಕ್ಟರ್ ಕ್ಲಾಸಿಗೆ ಬಂದರೆ ಸಾಕೇ? ಸಿಎಂಇ ಮಾನ್ಯತೆಯ ಹಿಂದಿನ ಕಥೆ

ಡಾಕ್ಟರಾದ ಮೇಲೂ ಓದು ನಿಲ್ಲಬಾರದು. ಇದರಲ್ಲಿ ಯಾರದೂ ತಕರಾರಿಲ್ಲ. ಈ ಓದಿಗೇ ಸಿಎಂಇ, ಅಂದರೆ ನಿರಂತರ ವೈದ್ಯಕೀಯ ಶಿಕ್ಷಣ ಅನ್ನುತ್ತಾರೆ. ಓದಿದ್ದನ್ನು ಅಳೆಯೋದು ಹೇಗೆ ಅನ್ನುವುದೇ ಕಷ್ಟ.

ಅಮೆರಿಕ ಮೊದಲು ಗಂಟೆ ಎಣಿಸಿತು. 1947ರಲ್ಲಿ ಹುಟ್ಟಿದ ಜನರಲ್ ಪ್ರಾಕ್ಟೀಸ್ ಅಕಾಡೆಮಿ ಎಂಬ ವೈದ್ಯರ ಸಂಘ, ಸದಸ್ಯರಾಗಿ ಉಳಿಯಬೇಕಾದರೆ ಮೂರು ವರ್ಷಕ್ಕೆ 150 ಗಂಟೆ ಕಲಿಯಬೇಕು ಎಂದಿತು. 1971ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯ ನೋಂದಣಿ ನವೀಕರಣಕ್ಕೇ ಸಿಎಂಇ ಕಡ್ಡಾಯ ಮಾಡಿತು. ಕ್ರೆಡಿಟ್‌ಗೆ, ಅಂದರೆ ಕಲಿತ ಗಂಟೆಗಳ ಲೆಕ್ಕಕ್ಕೆ, ಬೇಡಿಕೆ ಬಂತು. ಬೇಡಿಕೆಯ ಬೆನ್ನಿಗೇ ಔಷಧ ಕಂಪನಿಗಳ ದುಡ್ಡೂ ಬಂತು, ಬರದೇ ಇರುತ್ತದೆಯೇ!

1981ರಲ್ಲಿ ಅಲ್ಲಿನ ಸಿಎಂಇ ಮಾನ್ಯತಾ ಮಂಡಳಿ ಎಸಿಸಿಎಂಇ ಶುರುವಾಯಿತು. ಇದು ಮಾನ್ಯತೆ ಕೊಡುವುದು ಡಾಕ್ಟರಿಗಲ್ಲ, ಕ್ಲಾಸು ನಡೆಸುವ ಆಸ್ಪತ್ರೆ, ಕಾಲೇಜು, ಸಂಘಗಳಿಗೆ. ಕಂಪನಿ ದುಡ್ಡಿಗೆ 1992ರಲ್ಲಿ ನಿಯಮ ತಂದು, 2004ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಆದರೆ ಕ್ಲಾಸಿನಿಂದ ಏನಾದರೂ ಉಪಯೋಗ ಆಗುತ್ತಿದೆಯೇ? 1999ರಲ್ಲಿ ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ ಮುಜುಗರ ತರುವಂತಿತ್ತು: ಸುಮ್ನೆ ಭಾಷಣ ಕೇಳಿ ಬಂದರೆ ಡಾಕ್ಟರ ಕೆಲಸದ ರೀತಿ ಬದಲಾಗುವಂತೆ ಕಾಣುವುದಿಲ್ಲ. ಚರ್ಚೆ, ಅಭ್ಯಾಸ ಇದ್ದರೆ ಬದಲಾಗಬಹುದು.

ಎಸಿಸಿಎಂಇಯ 2006ರ ಹೊಸ ಮಾನದಂಡಗಳು ಈ ಪ್ರಶ್ನೆಯನ್ನು ಆಯೋಜಕರ ಮುಂದಿಟ್ಟವು. ಮಾಮೂಲಿ ಮಾನ್ಯತೆ ನಾಲ್ಕು ವರ್ಷದ್ದು. ಮೇಲ್ಮಟ್ಟದ ಕೆಲಸ ತೋರಿಸಿದವರಿಗೆ 'ಪ್ರಶಂಸೆಯೊಂದಿಗೆ ಮಾನ್ಯತೆ', ಅದು ಆರು ವರ್ಷ. ಎರಡು ವರ್ಷ ಫೈಲು, ವರದಿ, ಸಂದರ್ಶನದ ಕಾಟ ಮುಂದಕ್ಕೆ ಹೋಗುತ್ತದೆ. ಇಂಥ ಕೆಲಸ ಮಾಡಿದವರಿಗೆ ಗೊತ್ತು, ಅದು ಸಣ್ಣ ಆಸೆಯಲ್ಲ. 2016ರಲ್ಲಿ ಪ್ರಶಂಸೆಗೆ 16 ಅಂಶಗಳ ಪಟ್ಟಿ ಬಂತು. ಎಂಟನ್ನು ಪೂರೈಸಬೇಕು. ರೋಗಿಗಳನ್ನೇ ಯೋಜನೆಯಲ್ಲಿ, ಪಾಠದಲ್ಲಿ ಸೇರಿಸಿಕೊಳ್ಳುವುದೂ ಪಟ್ಟಿಯಲ್ಲಿದೆ. ಎಂಟರಲ್ಲಿ ಒಂದಾದರೂ ಫಲಿತಾಂಶದ್ದಾಗಿರಲೇಬೇಕು: ಡಾಕ್ಟರ ಕೆಲಸ, ಚಿಕಿತ್ಸೆಯ ಗುಣಮಟ್ಟ ಅಥವಾ ರೋಗಿಗಳ ಆರೋಗ್ಯ ಸುಧಾರಿಸಿದ್ದಕ್ಕೆ ಪುರಾವೆ. ನನ್ನ ಲೆಕ್ಕದಲ್ಲಿ ಜಾಣತನವಿರುವುದು ಇಲ್ಲೇ. ಆದರೆ ಪುರಾವೆ ಕೂಡಿಸೋಕೆ ಜನ ಬೇಕು, ಸಣ್ಣ ಆಸ್ಪತ್ರೆಗಳಿಗೆ ಅದು ಭಾರವೇ.

ನಮ್ಮಲ್ಲಿ ಲೆಕ್ಕ ಇನ್ನೂ ಗಂಟೆಯದ್ದೇ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳಿದ್ದು ಐದು ವರ್ಷಕ್ಕೆ 30 ಗಂಟೆ. ಕರ್ನಾಟಕ ವೈದ್ಯಕೀಯ ಪರಿಷತ್ತು ಸಿಎಂಇಗಳಿಗೆ ಕೊಡುವುದೂ ಕ್ರೆಡಿಟ್ ಅವರ್ಸ್. 2002ರ ನಿಯಮಕ್ಕೆ 2009ರಲ್ಲಿ ಬಂದ ತಿದ್ದುಪಡಿ ಕಂಪನಿಗಳ ಉಡುಗೊರೆ, ಪ್ರಯಾಣದ ಖರ್ಚಿಗೆ ತಡೆ ಹಾಕಿತು, ಕಲಿಕೆಯ ಫಲವನ್ನು ಕೇಳಲಿಲ್ಲ. ಭಾರತೀಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಹೊರಡಿಸಿತು. ಅದರಲ್ಲೂ ಅದೇ 30 ಗಂಟೆ. ತಿಂಗಳು ಮುಗಿಯುವುದರೊಳಗೆ ಅದನ್ನೂ ತಡೆಹಿಡಿಯಿತು.