ಡ್ರೋನ್ ಎಂದರೆ ಬರೀ ನಿಧಾನವಲ್ಲ: ಬೋರಿಸ್ ಕೇಳುವ ಮುನ್ನ

ಹಾಡು ಉದ್ದವಿರಬೇಕು, ಇಲ್ಲವೇ ನಿಧಾನವಿರಬೇಕು, ಇಲ್ಲವೇ ಗಿಟಾರ್ ಕಿವಿಗಡಚಿಕ್ಕಬೇಕು. ಮೂರರಲ್ಲಿ ಒಂದಿದ್ದರೂ ಸಾಕು, ‘ಡ್ರೋನ್’ ಸಂಗೀತ ಎಂದು ಹಣೆಪಟ್ಟಿ ಹಚ್ಚಿಬಿಡುತ್ತಾರೆ. ಟೋಕಿಯೋದ ರಾಕ್ ಬ್ಯಾಂಡ್ ಬೋರಿಸ್‌ನ ವಿಷಯದಲ್ಲಂತೂ ಇದು ಅತಿಯಾಗಿದೆ. ಮೊನ್ನೆ ಅವರ ‘ವುಮನ್ ಆನ್ ದ ಸ್ಕ್ರೀನ್’ ಹಾಡನ್ನೂ ಡ್ರೋನ್ ಪಟ್ಟಿಯಲ್ಲಿ ಸೇರಿಸಿದ್ದನ್ನು ನೋಡಿದೆ. ಮೂರು ನಿಮಿಷವೂ ಇಲ್ಲದ, ಪಂಕ್ ವೇಗದಲ್ಲಿ ಓಡುವ ಹಾಡು ಅದು!

ಪದದ ಮೂಲದಿಂದಲೇ ಶುರುಮಾಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಡ್ರಾನ್’ ಎಂದರೆ ಗಂಡುಜೇನು. ಆ ಹುಳದ ಎಡೆಬಿಡದ ಗುಂಯ್‌ಗುಡುವಿಕೆಗೆ ಅದೇ ಹೆಸರು ಅಂಟಿತು. ಮುಂದೆ ಬ್ಯಾಗ್‌ಪೈಪಿನಲ್ಲಿ ಸ್ವರ ಬದಲಿಸದೆ ಒಂದೇ ನಾದ ಹಿಡಿದಿರುವ ಕೊಳವೆಯೂ ಡ್ರೋನ್ ಆಯಿತು. ಮದುವೆಮನೆಯ ಮೇಲೆ ಹಾರಿ ವಿಡಿಯೊ ತೆಗೆಯುವ ಯಂತ್ರವೂ ಇದೇ ಜೇನುಗೂಡಿನಿಂದ ಬಂದದ್ದು: 1930ರ ದಶಕದಲ್ಲಿ ಬ್ರಿಟನ್ನಿನ ಪೈಲಟ್ ಇಲ್ಲದ ವಿಮಾನಕ್ಕೆ ‘ಕ್ವೀನ್ ಬೀ’, ಅಂದರೆ ರಾಣಿಜೇನು, ಎಂದು ಹೆಸರಿತ್ತು, ಅಮೆರಿಕದವರು ಅದನ್ನು ಕಂಡು ತಮ್ಮದನ್ನು ಡ್ರೋನ್ ಎಂದರು ಎನ್ನುವುದು ರೂಢಿಯಲ್ಲಿರುವ ವಿವರಣೆ. ಅಂತೂ ಸಂಗೀತದಲ್ಲಿ ಈ ಪದಕ್ಕೆ ಇರುವುದು ಒಂದೇ ತಿರುಳು, ನಿಂತ ನಾದ. ವೇಗದ ಮಾತು ಅದರಲ್ಲಿ ಎಲ್ಲೂ ಇಲ್ಲ.

ನಮಗೆ ಇದು ಹೊಸತೇನಲ್ಲ. ತಂಬೂರಿ, ಶ್ರುತಿಪೆಟ್ಟಿಗೆ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಡ್ರೋನ್ ಎಂದೇ ಹೇಳುವುದು. ತಂಬೂರಿಯ ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿಯ) ಮೇಲೆ ತಂತಿಯಡಿ ಒಂದೆಳೆ ನೂಲು ಸಿಕ್ಕಿಸಿ, ಅದನ್ನು ಕೂದಲೆಳೆಯಷ್ಟು ಸರಿಸುತ್ತ ಹೋದರೆ ಒಂದು ಜಾಗದಲ್ಲಿ ನಾದ ಥಟ್ಟನೆ ಅರಳುತ್ತದೆ. ಷಡ್ಜದೊಳಗಿಂದ ಮೇಲಿನ ಅನುಸ್ವರಗಳು (ಓವರ್‌ಟೋನ್‌ಗಳು) ಒಂದೊಂದಾಗಿ ಕೇಳತೊಡಗುತ್ತವೆ. ಬೋರಿಸ್‌ನ ಗಿಟಾರ್ ವಾದಕಿ ವಾಟಾ, ಗಿಟಾರಿನ ದನಿಯನ್ನು ಒರಟಾಗಿಸುವ ಫಝ್ ಪೆಡಲಿನಿಂದ ಹೊರಡಿಸುವುದೂ ಅನುಸ್ವರಗಳನ್ನೇ. ವ್ಯತ್ಯಾಸವಿರುವುದು ಸ್ಥಾನದಲ್ಲಿ. ನಮ್ಮ ಕಛೇರಿಯಲ್ಲಿ ಶ್ರುತಿ ಹಿಂದೆ ಕೂತಿರುತ್ತದೆ, ರಾಗ ಮುಂದೆ. ಡ್ರೋನ್ ಸಂಗೀತದಲ್ಲಿ ಶ್ರುತಿಯೇ ಮುಂದೆ ಬಂದು ಕೂರುತ್ತದೆ. ಆಂಪ್ಲಿಫೈಯರಿನ ಸದ್ದು ಗಿಟಾರಿನ ತಂತಿಗೆ ಮರಳಿ ತಾಕಿ, ತಂತಿ ಅದುರುತ್ತಲೇ ಇದ್ದು, ಆ ಅದುರು ಮತ್ತೆ ಆಂಪ್ಲಿಫೈಯರಿಗೆ ಹೋಗುವ ಸುತ್ತಿಗೆ ಫೀಡ್‌ಬ್ಯಾಕ್ ಎನ್ನುತ್ತಾರೆ. ನಾದ ನಿಲ್ಲದಂತೆ ನೋಡಿಕೊಳ್ಳುವುದು ಇದೇ.

ಹಾಗಿದ್ದರೆ ಜನ ಡ್ರೋನ್ ಎನ್ನುತ್ತಿರುವುದು ಯಾವುದಕ್ಕೆ? ಬಹಳ ಸಲ ಡೂಮ್‌ಗೆ. 1970ರ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನಿಂದ ಇಳಿದು ಬಂದ ಡೂಮ್ ಶೈಲಿಯಲ್ಲಿ ರಿಫ್, ಅಂದರೆ ಮರಳಿ ಮರಳಿ ಬರುವ ಗಿಟಾರ್ ಪಲುಕು, ಇರುತ್ತದೆ, ಡ್ರಮ್ಮಿನ ಪೆಟ್ಟಿರುತ್ತದೆ. ಎಷ್ಟೇ ನಿಧಾನವಾದರೂ ನೀವು ತಲೆದೂಗಬಹುದು. ಪರೀಕ್ಷೆ ಸುಲಭ: ತಾಳ ಹಾಕಲು ಬಂದರೆ ಡೂಮ್, ತಾಳ ಎಲ್ಲಿದೆ ಎಂದೇ ತಿಳಿಯದೆ ನಾದ ಮಾತ್ರ ತುಂಬಿಕೊಂಡರೆ ಡ್ರೋನ್. ಬೋರಿಸ್‌ನ 1998ರ ‘ಆಂಪ್ಲಿಫೈಯರ್ ವರ್ಶಿಪ್’ ಆಲ್ಬಮ್ಮಿನ ‘ಹ್ಯೂಜ್’ ಕೇಳಿ. ಆನೆಯಷ್ಟು ಭಾರದ ನಡೆ, ಆದರೆ ಹೆಜ್ಜೆ ಎಣಿಸಬಹುದು. ಅದು ಡೂಮ್.

ನನಗೆ ಇನ್ನೂ ಬೇಸರ ತರಿಸುವುದು 2000ದ ‘ಫ್ಲಡ್’ ಆಲ್ಬಮ್ಮನ್ನು ಡ್ರೋನ್ ಎನ್ನುವುದು. ನಾಲ್ಕು ಭಾಗ, 70 ನಿಮಿಷ, ಉದ್ದವೇನೋ ಹೌದು. ಆದರೆ ಮೊದಲ ಭಾಗದಲ್ಲಿ ಒಂದು ಪುಟ್ಟ ಗಿಟಾರ್ ಪಲುಕು ಮರಳಿ ಮರಳಿ ಬರುತ್ತದೆ, ಅದರದೇ ಪ್ರತಿ ಸ್ವಲ್ಪ ಸ್ವಲ್ಪವೇ ಹಿಂದೆ ಜಾರುತ್ತ ಹೊಸ ಹೆಣಿಗೆ ಹುಟ್ಟಿಸುತ್ತದೆ. ಪುನರಾವರ್ತನೆ ಬೇರೆ, ನಿಂತ ನಾದ ಬೇರೆ. ಇದನ್ನು ಮಿನಿಮಲಿಸಮ್ ಎನ್ನಿ, ಒಪ್ಪುತ್ತೇನೆ.

ನಿಜವಾದ ಡ್ರೋನ್ ಬೇಕೆಂದರೆ 1996ರ ‘ಅಬ್ಸೊಲ್ಯೂಟೆಗೊ’. ಮೊದಲ ಆಲ್ಬಮ್ಮೇ ಒಂದೇ ಹಾಡು, ಒಂದು ಗಂಟೆಗೂ ಮಿಕ್ಕಿ. 2005ರ ‘ಡ್ರೋನೀವಿಲ್’ ಇನ್ನೂ ಒಳ್ಳೆಯ ಪಾಠ. ಅದರಲ್ಲಿ ಒಂದು ಧ್ವನಿತಟ್ಟೆಯ ಹೆಸರು ‘ಡ್ರೋನ್’, ಇನ್ನೊಂದರದು ‘ಈವಿಲ್’. ಎರಡನ್ನೂ ಒಟ್ಟಿಗೆ ನುಡಿಸಬೇಕು. ಅಂದರೆ ಡ್ರೋನ್ ಯಾವುದು, ಅಲ್ಲದ್ದು ಯಾವುದು ಎಂದು ಬ್ಯಾಂಡೇ ಬೇರ್ಪಡಿಸಿ ಕೊಟ್ಟಿದೆ. ರಾಕ್ ಆಲ್ಬಮ್ಮುಗಳಿಗೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಪ್ರಯೋಗಗಳಿಗೆ ಚಿಕ್ಕಕ್ಷರಗಳಲ್ಲಿ ತಮ್ಮ ಹೆಸರು ಬರೆದುಕೊಳ್ಳುತ್ತ ಬಂದವರು ಅವರು. ಇಷ್ಟು ಸುಳಿವು ಕೊಟ್ಟ ಮೇಲೂ ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬುವುದು ನ್ಯಾಯವಲ್ಲ.

2005ರ ‘ಪಿಂಕ್’ ಆಲ್ಬಮ್ ಶುರುವಾಗುವ ‘ಫೇರ್‌ವೆಲ್’ ಹಾಡು ಶೂಗೇಜ್ ಶೈಲಿಯದು, ಅಂದರೆ ಮಂಜಿನಂಥ ಗಿಟಾರಿನ ಹಿಂದೆ ರಾಗವಾದ ದನಿ. ಅದರ ಬೆನ್ನಿಗೇ ಬರುವ ಶೀರ್ಷಿಕೆ ಗೀತೆ ಅಪ್ಪಟ ರಾಕ್. 2011ರ ‘ಅಟೆನ್ಶನ್ ಪ್ಲೀಸ್’ನಲ್ಲಿ ಹಾಡುವುದು ವಾಟಾ, ಅದು ಪಾಪ್ ಕಡೆಗೆ ವಾಲಿದ ಆಲ್ಬಮ್.

ಒಂದೇ ಕೃತಿಯಲ್ಲಿ ಎಲ್ಲವೂ ಸಿಗಬೇಕೆಂದರೆ 2003ರ ‘ಫೀಡ್‌ಬ್ಯಾಕರ್’ ಸಾಕು. ಸುಮಾರು 43 ನಿಮಿಷ, ಐದು ಭಾಗ. ಮೊದಲ ಭಾಗದಲ್ಲಿ ಗಿಟಾರಿನ ನಾದ ನಿಂತೇ ಇರುತ್ತದೆ, ತಾಳ ಹುಡುಕಿದರೆ ಸಿಗದು. ಎರಡನೆಯ ಭಾಗದಲ್ಲಿ ಆಟ್ಸುವೊನ ಡ್ರಮ್ ಮೆಲ್ಲಗೆ ಸೇರಿಕೊಳ್ಳುತ್ತದೆ, ಹಾಡು ನಡೆಯತೊಡಗುತ್ತದೆ. ಡ್ರೋನ್ ಮುಗಿಯುವುದು ಅಲ್ಲಿಗೇ.