ಈ ರೈಲಿಗೆ ಯಾಕೆ ಇಂಥ ಮೂತಿ?

ತಾವು ಮಾಡುವ ಎಂಜಿನ್ ನೋಡೋಕೆ ಚೆಂದ ಇರಲೇಬಾರದು ಅಂತ ಬಯಸಿದ ಎಂಜಿನಿಯರ್ ಒಬ್ಬರಿದ್ದರು. ಹೆಸರು ರಿಚರ್ಡ್ ಡಿಲ್ವರ್ತ್. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಗೆ ಸೇರಿದ ರೈಲು ಎಂಜಿನ್ ವಿಭಾಗ ಇಎಂಡಿಯಲ್ಲಿ ಅವರು ದೊಡ್ಡ ತಲೆ. ಅವರ ಮಾತಿನ ಸಾರ ಇಷ್ಟು: ಎಂಜಿನ್ ಎಷ್ಟು ಕುರೂಪವಾಗಿರಬೇಕು ಅಂದರೆ, ರೈಲ್ವೆ ಕಂಪನಿಗಳು ಅದನ್ನು ನಿಜವಾದ ದುಡಿಮೆ ಇರುವ ದೂರದ ಮೂಲೆಗಳಿಗೆ ಖುಷಿಯಿಂದ ಅಟ್ಟಿಬಿಡಬೇಕು. ಬೆಲೆಯೂ ಕಡಿಮೆ ಇರಬೇಕು. 1949ರಲ್ಲಿ ಆ ಎಂಜಿನ್ ಹೊರಬಂತು. ಹೆಸರು ಜಿಪಿ7. ಅದಕ್ಕೆ ಏನಾಯಿತು ಅನ್ನೋದನ್ನು ಆಮೇಲೆ ನೋಡೋಣ. ಅದಕ್ಕೂ ಮೊದಲು ರೈಲುಗಳು ಚೆಂದದ ಹಿಂದೆ ಬಿದ್ದ ಕಾಲಕ್ಕೆ ಹೋಗಬೇಕು.

ಕುರೂಪ ರೈಲುಗಳನ್ನು ಸಾಲಾಗಿ ನಿಲ್ಲಿಸಿ ನಗೋದು ಸುಲಭ. ಆದರೆ ಒಂದೊಂದೂ ಹುಟ್ಟಿದ ಕಾಲಕ್ಕೆ ಹೋಗಿ ನೋಡಿದರೆ, ಡಿಸೈನರ್‌ಗೆ ಅಭಿರುಚಿ ಇರಲಿಲ್ಲ ಅನ್ನೋದು ಅಪರೂಪಕ್ಕೆ ಮಾತ್ರ ಕಾರಣ. ಒಂದು ಕಡೆ ಉಕ್ಕು ಸಿಗುತ್ತಿರಲಿಲ್ಲ. ಇನ್ನೊಂದು ಕಡೆ ದುಡ್ಡಿರಲಿಲ್ಲ. ಮತ್ತೊಂದು ಕಡೆ ಸುರಂಗ ಇಕ್ಕಟ್ಟಾಗಿತ್ತು. ಆ ಒತ್ತಡವೇ ರೈಲಿನ ಮೂತಿಯಲ್ಲಿ ಕಾಣುತ್ತದೆ. ನನ್ನ ಕಣ್ಣಿಗೆ ನಿಜವಾಗಿ ಕುರೂಪ ಅನ್ನಿಸುವವು ಬೇರೆ. ಚೆಂದ ಕಾಣಲಿ ಅಂತ ಮೇಲಿಂದ ಏನನ್ನೋ ಅಂಟಿಸಿಕೊಂಡವು ಅವು.

ಅಂಟಿಸುವ ಚಾಳಿ ಜೋರಾಗಿದ್ದು 1930ರ ದಶಕದಲ್ಲಿ. ಆರ್ಥಿಕ ಕುಸಿತದಿಂದ ಪ್ರಯಾಣಿಕರು ಕಡಿಮೆಯಾಗಿದ್ದರು. ಉಳಿದವರಲ್ಲಿ ಹಲವರು ಕಾರು ಹತ್ತಿದ್ದರು. ರೈಲ್ವೆ ಕಂಪನಿಗಳಿಗೆ ತಾವೂ ಹೊಸಬರು ಅಂತ ತೋರಿಸಬೇಕಿತ್ತು. 1934ರಲ್ಲಿ ಅಮೆರಿಕದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಜೆಫಿರ್ ರೈಲು ಡೆನ್ವರ್‌ನಿಂದ ಷಿಕಾಗೋಗೆ ಒಂದೇ ಹಗಲಿನಲ್ಲಿ ಓಡಿ ಹೆಸರು ಮಾಡಿತು. ಅದು ಡೀಸೆಲ್ ರೈಲು, ಹಗುರವಾದದ್ದು, ಹುಟ್ಟಿನಿಂದಲೇ ನಯವಾದ ಮೈ. ಉಳಿದ ಕಂಪನಿಗಳ ಹತ್ತಿರ ಇದ್ದದ್ದು ಹಳೇ ಉಗಿ ಎಂಜಿನ್. ಅದಕ್ಕೇ ತಗಡಿನ ಅಂಗಿ ಹೊಲಿಸಿದರು.

ಎಲ್ಲವೂ ಕೆಟ್ಟದಾಗಲಿಲ್ಲ. ಬ್ರಿಟನ್ನಿನ ನೈಜೆಲ್ ಗ್ರೆಸ್ಲಿ 1935ರಲ್ಲಿ ಮಾಡಿದ ಎ4 ಎಂಜಿನ್ನಿನ ಇಳಿಜಾರು ಮೂತಿ ಇವತ್ತಿಗೂ ಸೊಗಸು. ಆ ಸಾಲಿನ 'ಮಲ್ಲಾರ್ಡ್' 1938ರ ಜುಲೈ 3ರಂದು ಗಂಟೆಗೆ 203 ಕಿ.ಮೀ. ಮುಟ್ಟಿ ಉಗಿ ಎಂಜಿನ್‌ಗಳ ದಾಖಲೆ ಬರೆಯಿತು. ಅದೇ 1935ರಲ್ಲಿ ಬ್ರಿಟನ್ನಿನದೇ ಇನ್ನೊಂದು ಕಂಪನಿ ಗ್ರೇಟ್ ವೆಸ್ಟರ್ನ್ ರೈಲ್ವೆಯೂ ಪೈಪೋಟಿಗೆ ಇಳಿಯಿತು. ಅಲ್ಲಿನ ಮುಖ್ಯ ಎಂಜಿನಿಯರ್ ಚಾರ್ಲ್ಸ್ ಕಾಲೆಟ್‌ಗೆ ಈ ಫ್ಯಾಷನ್ ಮೇಲೆ ನಂಬಿಕೆಯೇ ಇರಲಿಲ್ಲ ಅನ್ನುತ್ತಾರೆ. ಮೇಜಿನ ಮೇಲಿದ್ದ ಎಂಜಿನ್ ಗೊಂಬೆಗೆ ಅಲ್ಲಲ್ಲಿ ಜೇಡಿ ಮೆತ್ತಿ, 'ಹೀಗೆ ಮಾಡಿ' ಅಂತ ಕೊಟ್ಟರು ಅನ್ನುವ ಕಥೆ ರೈಲು ಪ್ರಿಯರ ನಡುವೆ ಇನ್ನೂ ಓಡಾಡುತ್ತಿದೆ. ಕಥೆ ಹೇಗಾದರೂ ಇರಲಿ, ಫಲ ನೋಡಿದರೆ ನಂಬಬೇಕು ಅನ್ನಿಸುತ್ತದೆ. 'ಮ್ಯಾನರ್‌ಬಿಯರ್ ಕ್ಯಾಸಲ್' ಮತ್ತು 'ಕಿಂಗ್ ಹೆನ್ರಿ 7' ಅನ್ನುವ ಎರಡು ಸುಂದರ ಎಂಜಿನ್‌ಗಳ ಮುಂದೆ ಅರ್ಧಗೋಳದ ಮೂಗು ಎದ್ದು ನಿಂತಿತು. ಕೆಲವೇ ವರ್ಷಗಳಲ್ಲಿ ಅಂಟಿಸಿದ್ದರಲ್ಲಿ ಬಹಳಷ್ಟನ್ನು ಕಿತ್ತರು.

ಅಂಗಿಯ ತೊಂದರೆ ಬರೀ ನೋಟದ್ದಲ್ಲ. ಉಗಿ ಎಂಜಿನ್‌ಗೆ ದಿನಾ ಎಣ್ಣೆ ಬಿಡಬೇಕು, ಬೋಲ್ಟು ಬಿಗಿ ಮಾಡಬೇಕು, ಬೂದಿ ತೆಗೆಯಬೇಕು. ತಗಡು ಹೊದಿಸಿದರೆ ಕೈ ಹೋಗಲ್ಲ. ಮೆಲ್ಲಗೆ ಓಡುವಾಗ ಗಾಳಿ ಸೀಳುವ ಲಾಭವೂ ಇಲ್ಲ. ಬ್ರಿಟನ್ನಿನ ಎಲ್‌ಎಂಎಸ್ ಕಂಪನಿ 1937ರಲ್ಲಿ ಅದ್ದೂರಿಯಾಗಿ ಹೊರತಂದ ಕಾರೊನೇಷನ್ ಎಂಜಿನ್‌ಗಳ ಹೊದಿಕೆಯನ್ನು 1946ರಿಂದ ಒಂದೊಂದಾಗಿ ಬಿಚ್ಚಿಹಾಕಿದರು.

ಫ್ಯಾಷನ್ ಜೋರಾಗಿದ್ದ ಆ ದಿನಗಳಲ್ಲೇ ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಇನ್ನೊಂದು ಪ್ರಾಣಿ ಹುಟ್ಟಿತ್ತು. ರಿಯೊ ಗ್ರಾಂಡೆ ಸದರ್ನ್ ಅನ್ನುವ ಸಣ್ಣ ರೈಲ್ವೆ ದಿವಾಳಿಯ ಅಂಚಿನಲ್ಲಿತ್ತು. ಉಗಿ ರೈಲು ಓಡಿಸಲು ದುಡ್ಡಿಲ್ಲ, ಆದರೆ ಅಂಚೆ ಸಾಗಿಸುವ ಗುತ್ತಿಗೆ ಬಿಡುವ ಹಾಗಿಲ್ಲ. 1931ರಿಂದ ರಿಡ್ಜ್‌ವೇ ವರ್ಕ್‌ಶಾಪಿನಲ್ಲಿ ಹಳೇ ಬ್ಯುಯಿಕ್, ಪಿಯರ್ಸ್-ಆ್ಯರೊ ಕಾರುಗಳನ್ನು ಬಿಚ್ಚಿ, ಹಳಿಯ ಚಕ್ರ ಹಾಕಿ, ಹಿಂದೆ ಸರಕಿನ ಡಬ್ಬ ಕಟ್ಟಿದರು. ಮುಂದೆ ಕಾರು, ಹಿಂದೆ ಗೋದಾಮು. ತೂಗಾಡುತ್ತಾ ಬರುತ್ತಿದ್ದ ಇವನ್ನು ಜನ 'ಗ್ಯಾಲಪಿಂಗ್ ಗೂಸ್' ಅಂತ ಕರೆದರು, ಓಡುವ ಹೆಬ್ಬಾತು. ಇವುಗಳ ದೆಸೆಯಿಂದಲೇ ಆ ರೈಲ್ವೆ ಇನ್ನೂ ಸುಮಾರು 20 ವರ್ಷ ಬದುಕಿತು.

ಆಮೇಲೆ ಯುದ್ಧ ಬಂತು, ಅಲಂಕಾರದ ಮಾತೇ ನಿಂತುಹೋಯಿತು. 1942ರಲ್ಲಿ ಬ್ರಿಟನ್ನಿನ ಸದರ್ನ್ ರೈಲ್ವೆಗೆ ಆಲಿವರ್ ಬುಲ್ಲೀಡ್ ಮಾಡಿಕೊಟ್ಟ ಕ್ಯೂ1 ಎಂಜಿನ್ನಿಗೆ ಕುರೂಪದ ಸ್ಪರ್ಧೆಯಲ್ಲಿ ಎದುರಾಳಿ ಸಿಗೋದು ಕಷ್ಟ. ಬಾಯ್ಲರ್ ಪಕ್ಕದಲ್ಲಿ ನಡೆಯುವ ಹಲಗೆ ಇಲ್ಲ. ಚಕ್ರದ ಮೇಲಿನ ಮುಚ್ಚಳ ಇಲ್ಲ. ಶಾಖ ತಡೆಯಲು ಒಳಗೆ ಹಾಕಿದ ಗಾಜಿನ ನಾರಿನ ಪದರಕ್ಕೆ ಭಾರ ಹೊರುವ ಶಕ್ತಿ ಇರಲಿಲ್ಲ. ಹಾಗಾಗಿ ಹೊರಗಿನ ತಗಡು ತನ್ನಷ್ಟಕ್ಕೇ ನಿಲ್ಲುವ ಹಾಗೆ ಅದನ್ನು ವಿಚಿತ್ರವಾಗಿ ಮಡಿಸಬೇಕಾಯಿತು. ಬಿಸ್ಕತ್ತು ಡಬ್ಬಿ, ಕಾಫಿ ಪಾತ್ರೆ ಅಂತೆಲ್ಲ ಹೆಸರು ಬಿದ್ದವು. ಆದರೆ ಹೀಗೆ ಉಳಿಸಿದ ತೂಕವನ್ನು ಬುಲ್ಲೀಡ್ ದೊಡ್ಡ ಬಾಯ್ಲರಿಗೆ ಹಾಕಿದರು. ಆರು ಚಕ್ರದ ಆ ವರ್ಗದಲ್ಲಿ ಬ್ರಿಟನ್ನಿನ ಅತಿ ಬಲಿಷ್ಠ ಎಂಜಿನ್ ಇದೇ. ತೂಕ 52 ಟನ್ನಿಗಿಂತ ಕಡಿಮೆ ಇದ್ದದ್ದರಿಂದ ದುರ್ಬಲ ಸೇತುವೆಗಳ ಮೇಲೂ ಹೋಗಬಹುದಿತ್ತು. 40 ಎಂಜಿನ್ ಕಟ್ಟಿದರು. 1960ರ ದಶಕದವರೆಗೂ ದುಡಿದವು. ನನಗಂತೂ ಇದನ್ನು ನೋಡ್ತಾ ನೋಡ್ತಾ ಇಷ್ಟವಾಗಿದೆ.

ಈಗ ಡಿಲ್ವರ್ತ್ ಕಡೆ. ಅವರ ಕಂಪನಿಯ ಆಗಿನ ಡೀಸೆಲ್ ಎಂಜಿನ್‌ಗಳು ನೋಡಲು ಚೆಂದ. ಉಬ್ಬಿದ ಮೂಗು, ಮೈತುಂಬ ನಯವಾದ ಹೊದಿಕೆ. ಆದರೆ ಆ ಹೊದಿಕೆಯೇ ಸೇತುವೆಯ ಚೌಕಟ್ಟಿನಂತೆ ಎಂಜಿನ್ನಿನ ಭಾರ ಹೊರುತ್ತಿತ್ತು, ಅದಕ್ಕೆ ಮನಸ್ಸಿಗೆ ಬಂದ ಹಾಗೆ ಕತ್ತರಿಸುವಂತಿರಲಿಲ್ಲ. ಡ್ರೈವರ್‌ಗೆ ಹಿಂದೆ ಏನೂ ಕಾಣದು. ಸಣ್ಣ ಮಾರ್ಗಗಳಲ್ಲಿ ಪ್ರತಿ ನಿಲ್ದಾಣದಲ್ಲೂ ವ್ಯಾಗನ್ ಬಿಚ್ಚಿ ಜೋಡಿಸುವ ಕೆಲಸ ಇರುತ್ತದೆ, ಹಿಂದೆ ಕಾಣದಿದ್ದರೆ ನಡೆಯಲ್ಲ. ಪರಿಹಾರ ಅಂತ 1948ರಲ್ಲಿ ಬಿಎಲ್2 ಬಂತು. ಮೂಗನ್ನು ಹಾಗೇ ಉಳಿಸಿಕೊಂಡು, ಹಿಂದಿನ ಮೈಯನ್ನು ಎರಡೂ ಕಡೆ ಓರೆಯಾಗಿ ಕೊರೆದಿದ್ದರು. ಅಂದವನ್ನೂ ಬಿಡಲಾಗದೆ ಕೆಲಸವನ್ನೂ ಬಿಡಲಾಗದೆ ಮಧ್ಯದಲ್ಲಿ ಸಿಕ್ಕಿಬಿದ್ದ ಆಕಾರ ಅದು. ಭಾರ ಹೊರುವ ಚೌಕಟ್ಟು ಮಾತ್ರ ಹಳೆಯದೇ, ಹಾಗಾಗಿ ಕಟ್ಟೋದಕ್ಕೂ ಕಷ್ಟ. ಮೊದಲ ಮಾದರಿ ಸೇರಿ 59 ಮಾತ್ರ ತಯಾರಾದವು.

ಡಿಲ್ವರ್ತ್ ಅಂದದ ಆಸೆಯನ್ನೇ ಕೈಬಿಟ್ಟರು. ಜಿಪಿ7ರಲ್ಲಿ ಭಾರವೆಲ್ಲ ಕೆಳಗಿನ ಅಡಿಗಟ್ಟಿನ ಮೇಲೆ. ಯಂತ್ರಗಳಿಗೆ ಕಿರಿದಾದ ಪೆಟ್ಟಿಗೆ ಮುಚ್ಚಳ. ಪಕ್ಕದಲ್ಲಿ ಉದ್ದಕ್ಕೂ ನಡೆಯುವ ಜಾಗ, ಎಲ್ಲಿ ಬೇಕಾದರೂ ಬಾಗಿಲು ತೆಗೆದು ರಿಪೇರಿ ಮಾಡಬಹುದು. ಎರಡೂ ದಿಕ್ಕು ಕಾಣುತ್ತದೆ. 1954ರ ಹೊತ್ತಿಗೆ 2,700ಕ್ಕೂ ಹೆಚ್ಚು ಮಾರಾಟವಾಗಿದ್ದವು. ದೂರದ ಮೂಲೆಗೆ ಅಟ್ಟಬೇಕಿದ್ದ ಎಂಜಿನ್ ಮುಖ್ಯ ಮಾರ್ಗಗಳಿಗೇ ಬಂದು ಕೂತಿತು. ಇವತ್ತಿಗೂ ಅಮೆರಿಕದ ಗೂಡ್ಸ್ ರೈಲುಗಳ ಎಂಜಿನ್ ಆ ಪೆಟ್ಟಿಗೆ ಆಕಾರದ ವಂಶದ್ದೇ.

ಅದೇ ಕಾಲಕ್ಕೆ ಫ್ರಾನ್ಸಿನವರು ಬೇರೆ ಥರ ಉಳಿತಾಯ ಹುಡುಕಿದರು. 1950ರಿಂದ ಬಂದ ಎಕ್ಸ್ 3800 ರೈಲ್‌ಕಾರಿಗೆ, ಅಂದರೆ ತನ್ನದೇ ಎಂಜಿನ್ ಇರುವ ಡಬ್ಬಿಗೆ, ಎರಡು ತುದಿಯಲ್ಲಿ ಎರಡು ಕ್ಯಾಬಿನ್ ಯಾಕೆ, ಒಂದೇ ಸಾಕು ಅಂತ ತೀರ್ಮಾನ. ಆ ಒಂದನ್ನು ಚಾವಣಿ ಮೇಲೆ, ಅದೂ ಒಂದು ಪಕ್ಕಕ್ಕೆ ಸರಿಸಿ ಕೂರಿಸಿದರು. ಡ್ರೈವರ್ ಅಲ್ಲಿಂದಲೇ ಎರಡೂ ದಿಕ್ಕಿಗೆ ಓಡಿಸಬಹುದಿತ್ತು. ಕಲಾವಿದ ಪಿಕಾಸೊ ಬರೆದ, ಕಣ್ಣು ಮೂಗು ಆಚೀಚೆ ಇರುವ ಚಿತ್ರಗಳನ್ನು ನೆನೆದು ಜನ ಅದಕ್ಕೆ 'ಪಿಕಾಸೊ' ಅಂತ ಹೆಸರಿಟ್ಟರು. ರೈಲಿಗೆ ಸಿಕ್ಕ ಅಡ್ಡಹೆಸರುಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ, ಅಲ್ವಾ?

ಎಲ್ಲ ಉಳಿತಾಯವೂ ಹೀಗೆ ಮುದ್ದು ಹೆಸರು ಗಳಿಸಲಿಲ್ಲ. ಬ್ರಿಟನ್ನಿನ ಪೇಸರ್ ಅದಕ್ಕೆ ಸಾಕ್ಷಿ. 1970ರ ದಶಕದ ಕೊನೆಗೆ ಸರ್ಕಾರಿ ಸಂಸ್ಥೆ ಬ್ರಿಟಿಷ್ ರೈಲ್‌ನ ಹಳೇ ಡೀಸೆಲ್ ರೈಲುಗಳು ಸವೆದುಹೋಗಿದ್ದವು, ಸರ್ಕಾರ ದುಡ್ಡು ಬಿಚ್ಚುತ್ತಿರಲಿಲ್ಲ. ಇತ್ತ ಲೇಲ್ಯಾಂಡ್ ಕಂಪನಿಯ ಕಾರ್ಖಾನೆಯಲ್ಲಿ ನ್ಯಾಷನಲ್ ಬಸ್ಸುಗಳ ಭಾಗಗಳು ಸಾಲಾಗಿ ಬರುತ್ತಿದ್ದವು. ಗೂಡ್ಸ್ ವ್ಯಾಗನ್ನಿನ ಅಡಿಗಟ್ಟಿನ ಮೇಲೆ ಬಸ್ಸಿನ ಮೈ ಕೂರಿಸಿದರೆ? 1978ರಲ್ಲಿ ಪ್ರಯೋಗ ಮಾಡಿ ನೋಡಿದರು. 1980ರ ದಶಕದಲ್ಲಿ ಸಾಲುಸಾಲಾಗಿ ಕಟ್ಟಿದರು. ಕ್ಲಾಸ್ 142 ಅನ್ನುವ ಒಂದು ಮಾದರಿಯೇ 96 ಜೋಡಿ.

ಬಸ್ಸಿನ ಮೂತಿಯನ್ನಾದರೂ ಸಹಿಸಬಹುದು, ಚಕ್ರದ ಕಥೆ ಬೇರೆ. ಸಾಮಾನ್ಯವಾಗಿ ಡಬ್ಬಿಯ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಚಕ್ರದ ಪುಟ್ಟ ಗಾಡಿ ಇರುತ್ತದೆ, ತಿರುವಿನಲ್ಲಿ ಅದು ತಿರುಗಿಕೊಳ್ಳುತ್ತದೆ. ಪೇಸರ್‌ಗೆ ಆ ಖರ್ಚೂ ಇಲ್ಲ. ಒಂದು ಡಬ್ಬಿಗೆ ಎರಡೇ ಅಚ್ಚು, ನಾಲ್ಕೇ ಚಕ್ರ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಕಿವಿಗಡಚಿಕ್ಕುವ ಕಿರುಚಾಟ. ನೇರ ಹಳಿಯಲ್ಲಿ ಮುಂದೆ ಹಿಂದೆ ತೂಗಾಟ. ತಲೆಯಾಡಿಸುವ ಕತ್ತೆ ಅಂತ ಪ್ರಯಾಣಿಕರು ಕರೆದರು. ಹೆಚ್ಚೆಂದರೆ 20 ವರ್ಷಕ್ಕೆ ಅಂತ ಮಾಡಿದ ಗಾಡಿ 30 ದಾಟಿತು, ಅದೂ ಮುಖ್ಯವಾಗಿ ಉತ್ತರ ಇಂಗ್ಲೆಂಡ್, ವೇಲ್ಸ್ ಮತ್ತು ನೈಋತ್ಯದಲ್ಲಿ. ಅಲ್ಲಿನವರಿಗೆ ಇದು ಬರೀ ಕೆಟ್ಟ ರೈಲಲ್ಲ, ಲಂಡನ್ ತಮ್ಮನ್ನು ಹೇಗೆ ನೋಡುತ್ತದೆ ಅನ್ನೋದರ ಗುರುತಾಯಿತು. 2015ರಲ್ಲಿ ಇವನ್ನು ತೆಗೆಯುವ ಮಾತು ಬಂದಾಗ ಇಲಾಖೆಯ ಅಧಿಕಾರಿಗಳು ಲೆಕ್ಕ ಹಾಕಿ, ಹಾಕುವ ದುಡ್ಡಿಗೆ ತಕ್ಕ ಪ್ರಯೋಜನ ಇಲ್ಲ ಅಂದರು. ಸಾರಿಗೆ ಸಚಿವ ಪ್ಯಾಟ್ರಿಕ್ ಮೆಕ್‌ಲಾಗ್ಲಿನ್ ಆ ಸಲಹೆಯನ್ನು ಬದಿಗಿಟ್ಟು ಲಿಖಿತ ಆದೇಶ ಕೊಡಬೇಕಾಯಿತು. 2021ರಲ್ಲಿ ಕೊನೆಯ ಪೇಸರ್‌ಗಳು ಸೇವೆಯಿಂದ ಹೋದವು. ಬಡತನಕ್ಕೆ ಹುಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ತಾತ್ಕಾಲಿಕ ಅಂದದ್ದನ್ನು ಖಾಯಂ ಮಾಡಿದ್ದಕ್ಕೆ ಇದೆ.

ಡೆನ್ಮಾರ್ಕಿನ ಐಸಿ3 ಕುರೂಪದ ಇನ್ನೊಂದು ತುದಿ. ಎದುರಿಂದ ನೋಡಿದರೆ ಮುಖವೇ ಇಲ್ಲ, ದಪ್ಪನೆಯ ಕಪ್ಪು ರಬ್ಬರಿನ ಚೌಕಟ್ಟು ಮಾತ್ರ. ಡೆನ್ಮಾರ್ಕ್ ದ್ವೀಪಗಳ ದೇಶ. 1997ರಲ್ಲಿ ಗ್ರೇಟ್ ಬೆಲ್ಟ್ ಕಡಲ ಕಾಲುವೆಗೆ ರೈಲು ಮಾರ್ಗ ಬರುವ ತನಕ ರೈಲುಗಳು ದೋಣಿ ಹತ್ತಿ ದಾಟಬೇಕಿತ್ತು. ದಾಟಿದ ಮೇಲೆ ಒಂದೊಂದು ತುಂಡು ಒಂದೊಂದು ಊರಿಗೆ. 1990ರ ಹೊತ್ತಿಗೆ ಬಂದ ಐಸಿ3ರಲ್ಲಿ ಎರಡು ರೈಲು ಮೂತಿಗೆ ಮೂತಿ ತಾಗಿಸಿದರೆ ರಬ್ಬರು ಒತ್ತಿಕೊಂಡು ಗಾಳಿ ಹೊಗದ ಹಾಗೆ ಮುಚ್ಚಿಕೊಳ್ಳುತ್ತದೆ. ಡ್ರೈವರಿನ ಮೇಜು, ಗಾಜು, ಎಲ್ಲವೂ ಬಾಗಿಲಿನ ಹಾಗೆ ಪಕ್ಕಕ್ಕೆ ಸರಿಯುತ್ತದೆ. ಪ್ರಯಾಣಿಕರು ಡ್ರೈವರ್ ಕೂತಿದ್ದ ಜಾಗದಲ್ಲೇ ನಡೆದು ಆಚೆಗೆ ಹೋಗುತ್ತಾರೆ. ಇಷ್ಟು ಬುದ್ಧಿವಂತ ಕುರೂಪ ನಾನು ಬೇರೆ ಕಂಡಿಲ್ಲ. ಸ್ವೀಡನ್, ಇಸ್ರೇಲ್, ಬೆಲ್ಜಿಯಂ ಕೂಡ ಈ ರಬ್ಬರ್ ಮೂತಿಯನ್ನು ತಗೊಂಡವು.

ಜಪಾನಿನಲ್ಲಿ ಮೂತಿಯನ್ನು ಗಾಳಿಯೇ ತಿದ್ದಿತು. ರೈಲು ಜೋರಾಗಿ ಸುರಂಗಕ್ಕೆ ನುಗ್ಗಿದರೆ ಮುಂದಿನ ಗಾಳಿಗೆ ಸರಿಯಲು ಜಾಗವಿರಲ್ಲ. ಅದು ಒತ್ತಡದ ಅಲೆಯಾಗಿ ಶಬ್ದದ ವೇಗದಲ್ಲಿ ಮುಂದೋಡಿ, ಸುರಂಗದ ಆಚೆ ಬಾಯಲ್ಲಿ ಢಂ ಅಂತ ಸಿಡಿಯುತ್ತದೆ. ರೈಲಿನ ವೇಗ 220ರಿಂದ 300 ಕಿ.ಮೀ.ಗೆ ಏರಿದರೆ ಈ ಹೊಡೆತ ಹೆಚ್ಚುಕಡಿಮೆ ಎರಡೂವರೆ ಪಟ್ಟಾಗುತ್ತದೆ. ಜಪಾನಿನ ಮಾರ್ಗಗಳಲ್ಲಿ ಸುರಂಗ ಜಾಸ್ತಿ, ಪಕ್ಕದಲ್ಲೇ ಮನೆಗಳು, ಶಬ್ದದ ನಿಯಮ ಬಿಗಿ. 1997ರ 500 ಸರಣಿಯ ಶಿಂಕನ್‌ಸೆನ್ ಬುಲೆಟ್ ರೈಲಿಗೆ 15 ಮೀಟರ್ ಉದ್ದದ ಮೂಗು ಬಂದದ್ದು ಇದಕ್ಕೇ. ಎಂಜಿನಿಯರ್ ಎಯ್ಜಿ ನಕಾತ್ಸು ಮಿಂಚುಳ್ಳಿಯ ಕೊಕ್ಕನ್ನು ನೆನೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ರೈಲು ಸುಂದರವಾಗಿತ್ತು. ಆದರೆ ದುಬಾರಿ, ಒಳಗೆ ಇಕ್ಕಟ್ಟು, ತುದಿ ಡಬ್ಬಿಯಲ್ಲಿ ಸೀಟು ಕಡಿಮೆ. ಒಂಬತ್ತು ರೈಲಿಗೆ ನಿಂತಿತು.

ಅದರ ಜಾಗಕ್ಕೆ 1999ರಲ್ಲಿ 700 ಸರಣಿ ಬಂತು, ಬಾತುಕೋಳಿ ಕೊಕ್ಕಿನ ಪ್ಲಾಟಿಪಸ್ ಅಂತ ಹೆಸರು ಪಡೆಯಿತು. ಚಪ್ಪಟೆ ಮೂಗು, ಪಕ್ಕದಲ್ಲಿ ಹಳ್ಳ, ಮೇಲೆ ಉಬ್ಬು. ಸುಮ್ನೆ ಮಾಡಿದ ಆಕಾರವಲ್ಲ. ಮುಖ್ಯವಾದದ್ದು ತುದಿಯಿಂದ ಹಿಂದಕ್ಕೆ ಹೋದ ಹಾಗೆ, ರೈಲನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ವಿಸ್ತೀರ್ಣ ಒಂದೇ ಸಮ ಹೆಚ್ಚಬೇಕು ಅನ್ನೋದು. ಡ್ರೈವರಿನ ಗಾಜಿಗಾಗಿ ಮೇಲೆ ಉಬ್ಬಿಸಿದರೆ ಅಷ್ಟನ್ನೇ ಪಕ್ಕದಲ್ಲಿ ತಗ್ಗಿಸಬೇಕು. ಹೀಗೆ ಮಾಡಿದ್ದಕ್ಕೆ 9.2 ಮೀಟರ್ ಮೂಗೇ ಸಾಕಾಯಿತು, ಸೀಟು ಉಳಿದವು. 2019ರ ಆಲ್ಫಾ-ಎಕ್ಸ್ ಪ್ರಯೋಗ ರೈಲಿನಲ್ಲಂತೂ ಒಂದು ತುದಿಗೆ 16 ಮೀಟರ್, ಇನ್ನೊಂದಕ್ಕೆ 22 ಮೀಟರ್ ಮೂಗು. ಆ ಡಬ್ಬಿಯಲ್ಲಿ ಮೂಗು ಬಿಟ್ಟರೆ ಉಳಿಯೋದು ಸ್ವಲ್ಪವೇ.

ಚೆಂದದ ಆಸೆ ಮಾತ್ರ ಇನ್ನೂ ಹೋಗಿಲ್ಲ. ಸ್ಕಾಟ್ಲೆಂಡಿಗೆ ಹಿಟಾಚಿ ಕಟ್ಟಿದ ಕ್ಲಾಸ್ 385 ರೈಲಿಗೆ ಮುಂಭಾಗದ ನಡುವೆ ದಾಟುವ ಬಾಗಿಲು ಬೇಕಿತ್ತು. ಬ್ರಿಟನ್ನಿನಲ್ಲಿ ಇಂಥ ಬಾಗಿಲಿನ ರೈಲುಗಳ ಮುಖ ಹಿಂದಿನಿಂದಲೂ ಚಪ್ಪಟೆ. ಈ ಸಲ ಬಾಗಿಲಿನ ಎರಡೂ ಬದಿಗೆ ನಯವಾಗಿ ಬಾಗಿದ ಗಾಜು ಹಾಕಿದರು. 2018ರ ಆರಂಭದಲ್ಲಿ ಪರೀಕ್ಷೆಗೆ ಓಡಿಸಿದ ಡ್ರೈವರ್‌ಗಳು ರಾತ್ರಿ ಒಂದು ಸಿಗ್ನಲ್ ಹಲವಾಗಿ ಕಾಣುತ್ತದೆ, ಮೀನು ಸಾಕುವ ದುಂಡನೆಯ ಗಾಜಿನ ಪಾತ್ರೆಯೊಳಗಿಂದ ನೋಡಿದ ಹಾಗಿದೆ ಅಂದರು. ಡ್ರೈವರ್‌ಗಳ ಸಂಘ ಈ ಗಾಜನ್ನು ಒಪ್ಪಲಿಲ್ಲ. ಕಂಪನಿ ಆ ಗಾಜು ತೆಗೆದು ಚಪ್ಪಟೆ ಗಾಜು ಮಾಡಿಸಿತು. ಆ ವರ್ಷದ ಜುಲೈನಲ್ಲಿ ಎಡಿನ್‌ಬರೊ ಮತ್ತು ಗ್ಲಾಸ್ಗೊ ನಡುವೆ ರೈಲು ಓಡಾಟ ಶುರುವಾಯಿತು. ಮೊದಲಿನ ಚಿತ್ರದಲ್ಲಿದ್ದಷ್ಟು ನಯವಾಗಿಲ್ಲ, ಆದರೆ ಸಿಗ್ನಲ್ ಒಂದೇ ಕಾಣುತ್ತದೆ.